ಕಾಡ್ಯೋನ ಬಿಳಿ ಹಲ್ಲು

ಫಿಲಿಪ್ಪೀನ್ಸಿನ ಇಲೋಯ್ಲೊ ಪಟ್ಟಣದ ಹಾರೊ ಮಾರುಕಟ್ಟೆಯ ಮುಂದೆ ಟ್ರೈಸಿಕಲ್ ಓಡಿಸುವ ಕಾಡ್ಯೋ, ಅರವತ್ತೆರಡನೆಯ ವಯಸ್ಸಿನಲ್ಲಿ ಹಲ್ಲು ಬೆಳ್ಳಗಾಗಿಸುವ ಸಾಮಾನಿನ ಪೆಟ್ಟಿಗೆಯೊಂದನ್ನು ತರಿಸಿಕೊಂಡ. ಔಷಧಿಯನ್ನು ಹಲ್ಲಿನ ಸಾಲಿಗೆ ಕೂರುವ ಅಚ್ಚಿಗೆ ಹಿಂಡಿ, ಅಚ್ಚನ್ನು ಬಾಯಿಗೆ ತುರುಕಿ, ಅದರ ಜೊತೆ ಬಂದ ನೀಲಿ ದೀಪವನ್ನು ಕಚ್ಚಿಕೊಂಡೇ ಅವನು ಬಾಡಿಗೆಗೆ ಹೊರಡುತ್ತಿದ್ದ. ಹಾಡಹಗಲಲ್ಲಿ ಬಾಯಿ ನೀಲಿಯಾಗಿ ಬೆಳಗುವ ಚಾಲಕನನ್ನು ಕಂಡು ಬೀದಿನಾಯಿಗಳು ಬೊಗಳುವುದನ್ನೇ ಮರೆಯುತ್ತಿದ್ದವು. ಗಾಡಿ ಎಲ್ಲಿಗೆ ಹೋಗುತ್ತದೆಂದು ಕೇಳಿದರೂ ಅವನ ಉತ್ತರ "ಊಂ" ಒಂದೇ ಆದ್ದರಿಂದ, ಚರ್ಚಿಗೆ ಹೊರಟ ಮುದುಕಿಯರು ಕೋಳಿ ಅಂಕಕ್ಕೆ ಹೋಗಿ ಇಳಿದದ್ದೂ ಉಂಟು. ಕಲೆಯಾದೀತೆಂದು ಕಾಫಿ ಬಿಟ್ಟ, ಸೋಯಾ ಸಾಸಿನಲ್ಲಿ ಬೇಯಿಸಿದ ಕಪ್ಪು ಅದೋಬೋ ಮಾಂಸ ಬಿಟ್ಟ. ಅನ್ನ, ಎಳೆ ತೆಂಗಿನಕಾಯಿ, ಮೊಟ್ಟೆಯ ಬಿಳಿ, ಇಷ್ಟರಲ್ಲೇ ದಿನ ಕಳೆದ. ಬಾಳೆಹಣ್ಣನ್ನೂ ಅನುಮಾನದಿಂದ ನೋಡತೊಡಗಿದ. "ಯಾವಳಿಗೋಸ್ಕರ ಕಾಡ್ಯೋ ಈ ಸಿಂಗಾರ?" ಎಂದು ಮೀನು ಮಾರುವ ಇಸ್ಯಾಂಗ್ ಒಮ್ಮೆ ಕೆಣಕಿದಾಗ, ಅವನು ಅಚ್ಚನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಹೇಳಿದ: "ಆಪರೇಷನ್ ಆಗಿದ್ಯಲ್ಲ, ಗುರುವಾರ ಪೆತ್ಯಾಂಗ್ ಕಣ್ಣಿನ ಪಟ್ಟಿ ಬಿಚ್ತಾರೆ ಕಣೇ. ಏಳು ವರ್ಷದಿಂದ ಬರೀ ಮಬ್ಬು ಅವಳಿಗೆ. ನನ್ನ ಕಟ್ಕೊಂಡಿದ್ದೇ ಹಲ್ಲು ನೋಡಿ ಅಂತ ಈಗ್ಲೂ ಎಲ್ರ ಹತ್ರ ಹೇಳ್ತಾಳೆ ನನ್ನ ಹೆಂಡ್ತಿ." ಇಸ್ಯಾಂಗ್ ಮೀನಿಗೆ ನೀರು ಚಿಮುಕಿಸುತ್ತ ಕುಳಿತಳು. ಗುರುವಾರ ಆಸ್ಪತ್ರೆಯಲ್ಲಿ, ಒಸಡು ಉರಿಯುತ್ತಿದ್ದರೂ, ಮೂವತ್ತೆರಡೂ ಕಾಣುವ ಹಾಗೆ ಹಲ್ಲು ಕಿರಿದುಕೊಂಡು ಕಾಡ್ಯೋ ಮಂಚದ ಪಕ್ಕ ನಿಂತ. ಪೆತ್ಯಾಂಗ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಕೆನ್ನೆ ಸವರಿದಳು, "ಕನ್ನಡಿ ಕೊಡು" ಎಂದಳು. ಕನ್ನಡಿಯಲ್ಲಿ ತನ್ನ ಬಾಯನ್ನು ಅಗಲಿಸಿ ಬಹಳ ಹೊತ್ತು ನೋಡಿಕೊಂಡ ಮೇಲೆ ಮೆಲ್ಲಗೆ ಕೇಳಿದಳು: "ತಿಂಗಳಿಂದ ಬಾಯಲ್ಲಿಟ್ಕೊಂಡು ಊಂ ಊಂ ಅಂತಿದ್ಯಲ್ಲ, ಆ ಔಷಧಿ ನಂಗೂ ಒಂಚೂರು ಉಳಿದಿದ್ಯಾ?"