ನಾಯಿ ಹೆಸರಲ್ಲಿ ಬಂದ ಚೀಟಿ

"ಈ ಚೀಟಿ ಬರೆದ ಡಾಕ್ಟ್ರಿಗೆ ಒಂದ್ಸಲನಾದ್ರೂ ಫೋನ್ ಮಾಡಿದ್ರೇನಮ್ಮಾ?"

ಡ್ರಗ್ ಇನ್ಸ್‌ಪೆಕ್ಟರ್ ಮೇಡಂ ಹಾಗೆ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯ್ತು. ಅಂಗಡಿ ಮುಂದೆ ಗಿರಾಕಿಗಳು ನಿಂತಿದ್ರು, ಅವರೆದುರೇ ಈ ಮಾತು...

ಗುಂಡ್ಲುಪೇಟೆಯಲ್ಲಿ ನಮ್ಮದು ದನ, ಕುರಿ, ನಾಯಿಗಳ ಔಷಧಿ ಅಂಗಡಿ. ವ್ಯಾಪಾರ ಯಜಮಾನರದ್ದು, ಆದ್ರೆ ಡಿ.ಫಾರ್ಮಾ ಓದಿದ್ದು ನಾನು. ಲೈಸೆನ್ಸ್‌ನಲ್ಲಿದ್ದಿದ್ದು ನನ್ನ ಹೆಸರು. ಇದು ಎರಡು ಸಾವಿರದ ಎಂಟೋ ಒಂಬತ್ತೋ ಇಸವಿ ಮಾತು.

ಮೇಡಂ ಕೈಲಿದ್ದಿದ್ದು ಕೆಟಮಿನ್ ಇಂಜೆಕ್ಷನ್ನಿನ ಮೂರು ಬಿಲ್, ಅದರ ಜೊತೆಗಿನ ಡಾಕ್ಟ್ರ ಚೀಟಿಗಳು. ನಾಯಿಗೆ ಆಪರೇಷನ್ ಮಾಡೋವಾಗ ಪ್ರಜ್ಞೆ ತಪ್ಪಿಸೋಕೆ ಕೊಡೋ ಔಷಧಿ ಅದು.

ಮೂರೂ ಸಲ ತಗೊಂಡಿದ್ದು ಒಬ್ಬನೇ. ಬದನಗುಪ್ಪೆ ಹತ್ರ ನಾಯಿ ಫಾರ್ಮ್ ಇದೆ ಅಂತಿದ್ದ. ಒಳ್ಳೆ ಬಟ್ಟೆ, ಬಾಯ್ತುಂಬ "ಅಕ್ಕಾ". ಕೈಲಿ ನಮ್ಮೂರ ವೆಟರ್ನರಿ ಡಾಕ್ಟ್ರ ಚೀಟಿ, ಕೆಳಗೆ ಸೀಲು. ನಾನ್ಯಾಕೆ ಅನುಮಾನ ಪಡಲಿ?

"ಬದನಗುಪ್ಪೆ ಇರೋದು ಚಾಮರಾಜನಗರದ ಪಕ್ಕ. ಅಲ್ಲಿ ಅಂಗಡಿ ಇಲ್ವಾ? ಇಷ್ಟು ದೂರ ಯಾಕ್ ಬರ್ತಾನೆ?" ಅಂದ್ರು ಮೇಡಂ. ಈ ಇಂಜೆಕ್ಷನ್ನನ್ನ ಅಮಲಿಗೆ ಅಂತ ಕದ್ದು ಮಾರ್ತಿದ್ದಾರೆ, ಚೀಟಿ ಇಲ್ಲದೆ ಕೊಡಬೇಡಿ, ಚೀಟಿ ಇದ್ರೂ ವಿಚಾರಿಸಿ ಕೊಡಿ ಅಂತ ಮೇಲಿಂದ ಬಿಗಿ ಆದೇಶ ಬಂದಿದೆ ಅಂತಲೂ ಹೇಳಿ, ಚೀಟಿಗಳನ್ನ ವಾಪಸ್ ಕೊಟ್ಟು ಹೋದ್ರು.

ಅವರು ಆ ಕಡೆ ಹೋಗ್ತಿದ್ದಂಗೆ ಯಜಮಾನರ ಹತ್ರ ಮೇಡಂನ ಚೆನ್ನಾಗಿ ಬೈಕೊಂಡೆ. ಆದ್ರೂ ಮನಸ್ಸು ತಡೀಲಿಲ್ಲ, ಡಾಕ್ಟ್ರಿಗೆ ಫೋನ್ ಮಾಡ್ದೆ.

ಅವರು ಹಂಗಳದಲ್ಲಿ ಯಾವುದೋ ಹಸು ಹೆರಿಗೆಗೆ ಹೋಗಿದ್ರು. "ನಾಯಿ ಫಾರ್ಮಾ? ನಾನ್ಯಾಕ್ ಬರೀಲವ್ವ? ಅವ್ನ್ಯಾರು ಅಂತ್ಲೂ ಗೊತ್ತಿಲ್ಲ ಕಣವ್ವ. ಆಸ್ಪತ್ರೇಲಿ ನನ್ ಚೀಟಿ ಪ್ಯಾಡೊಂದು ಕಾಣೆಯಾಗಿ ತಿಂಗಳಾಯ್ತು" ಅಂದ್ರು.

ಫೋನ್ ಇಟ್ಟು ಯಜಮಾನರಿಗೆ ಎಲ್ಲ ಹೇಳ್ದೆ.

ಯಜಮಾನರು ಶಟರ್ ಅರ್ಧ ಎಳೆದು ಬಂದು ಮೆಲ್ಲಗೆ ಹೇಳಿದ್ರು, "ಆ ಚೀಟಿಗಳನ್ನ ಹರಿದು ಹಾಕ್ಬಿಡು. ಸುಳ್ಳು ಚೀಟಿ ಅಂತ ಯಾರಿಗೆ ಗೊತ್ತಾಗುತ್ತೆ?"

ಸುಳ್ಳು ಹೇಳಲ್ಲ, ಚೀಟಿಗಳನ್ನ ಕೈಗೆ ತಗೊಂಡೆ. ಆದ್ರೆ ಹರಿಯೋಕೆ ಆಗಲಿಲ್ಲ. ಆ ಔಷಧಿ ಯಾರ ಮನೆ ಮಕ್ಕಳ ಮೈಗೆ ಸೇರಿದೆಯೋ ಅನ್ನೋದೇ ತಲೇಲಿ ಸುತ್ತುತ್ತಿತ್ತು.

"ನಾನು ಮೇಡಂ ಹತ್ರ ಹೋಗ್ತೀನಿ" ಅಂದೆ. ಯಜಮಾನರು ಅರ್ಧ ಎಳೆದಿದ್ದ ಶಟರನ್ನ ಪೂರ್ತಿ ಎಳೆದ್ರು. ಆಮೇಲೆ ಸ್ಕೂಟರ್ ಕೀ ತಗೊಂಡು, "ಬಾ, ಹೋಗನ" ಅಂದ್ರು.

ತೆರಕಣಾಂಬಿ ದಾಟಿ ಚಾಮರಾಜನಗರ ಸೇರಿದ್ವಿ. ಆಫೀಸಲ್ಲಿ ಚೀಟಿಗಳನ್ನ ಮೇಡಂ ಮುಂದಿಟ್ಟು, ನಡೆದಿದ್ದೆಲ್ಲ ಬರೆದು ಸೈನ್ ಮಾಡ್ದೆ. ಅವರು ಒಂದು ಲೋಟ ನೀರು ನನ್ನ ಕಡೆ ಸರಿಸಿದ್ರು.

ಅವನು ಮತ್ತೆ ನಮ್ಮ ಅಂಗಡಿಗೆ ಬರಲೇ ಇಲ್ಲ.

ಎರಡು ತಿಂಗಳಾದ ಮೇಲೆ ಬಂದಿದ್ದು ಪೊಲೀಸರು! ಬೇರೆ ಜಿಲ್ಲೆಯಲ್ಲಿ ಅವನು ಸಿಕ್ಕಿಬಿದ್ದಿದ್ದ. ಅವನ ಹತ್ರ ಇದ್ದ ಬಾಟಲಿಗಳ ಬ್ಯಾಚ್ ನಂಬರ್ ಹಿಡ್ಕೊಂಡು ಹುಡುಕ್ತಾ ನೇರ ನಮ್ಮ ಬಾಗಿಲಿಗೇ ಬಂದಿದ್ರು. ಅವರು ನನ್ನ ಹೆಸರು ಕೇಳಿದ ಕೂಡ್ಲೇ ಡಾಕ್ಟ್ರಿಗೂ ಮೇಡಂಗೂ ಫೋನ್ ಮಾಡ್ದೆ.

ಡಾಕ್ಟ್ರು ಓಡೋಡಿ ಬಂದು ಪ್ಯಾಡ್ ಕಳೆದಿದ್ದರ ಬಗ್ಗೆ ಹೇಳಿಕೆ ಕೊಟ್ರು. ಚಾಮರಾಜನಗರದಿಂದ ಮೇಡಂ ಫೈಲ್ ಸಮೇತ ಬಂದು ನಾನು ಬರೆದುಕೊಟ್ಟಿದ್ದನ್ನ ತೋರಿಸಿದ್ರು. "ಇವರನ್ನ ನಾವು ಹಿಡಿದಿದ್ದಲ್ಲ. ಇವರಾಗೇ ಬಂದು ಹೇಳಿದ್ದು" ಅಂದ್ರು.

ಆ ಒಂದು ಮಾತಿಗೆ ನಾನು ಆರೋಪಿಯಾಗದೆ ಸಾಕ್ಷಿಯಾದೆ.

ಹಾಗಂತ ಮೇಡಂ ನಮ್ಮನ್ನ ಸುಮ್ಮನೆ ಬಿಡಲಿಲ್ಲ. ವಿಚಾರಿಸದೆ ಕೊಟ್ಟಿದ್ದು ತಪ್ಪೇ ಅಂತ ಹದಿನೈದು ದಿನ ಲೈಸೆನ್ಸ್ ಸಸ್ಪೆಂಡ್ ಆಯ್ತು. ಒಪ್ಪಿಕೊಂಡ್ವಿ. ಮತ್ತೆ ಬಾಗಿಲು ತೆಗೆದ ದಿನ ಯಜಮಾನರು ಎಲ್ಲರಿಗಿಂತ ಮೊದಲು ಅವರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ರು.

ಮೇಡಂ ಈಗ ರಿಟೈರ್ ಆಗಿದ್ದಾರೆ. ಈದ್ ದಿನ ತಪ್ಪದೆ ಅವರಿಗೆ ಫೋನ್ ಮಾಡಿ ಹಬ್ಬದ ಶುಭಾಶಯ ಹೇಳ್ತೀವಿ.

ಯಾವತ್ತೋ ನಿಮ್ಮನ್ನ ಗದರಿಸಿ, ಅದರಿಂದಲೇ ನಿಮ್ಮನ್ನ ಉಳಿಸಿದವರು ಯಾರಾದ್ರೂ ಇದ್ದಾರಾ... ಅವರಿಗೆ ಥ್ಯಾಂಕ್ಸ್ ಹೇಳಿದ್ದೀರಾ?