ಚಾಪೆಯ ಮೇಲೆ ನಾಗರತ್ನ ಮೇಡಂ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾಗರತ್ನ ಮೇಡಂ ನಗುವುದನ್ನು ನಿಲ್ಲಿಸಿದರು. ಬಟವಾಡಿಯ ಆ ಮಕ್ಕಳ ಕ್ಲಿನಿಕ್ಕಿನಲ್ಲಿ ಅವರ ನಗು ಆಟೋಗಳ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಅದು ನಿಂತದ್ದು ಹೊರಗೆ ಕೂತವರಿಗೂ ಗೊತ್ತಾಯಿತು.

ಅವರು ಫಿಸಿಯೋಥೆರಪಿಸ್ಟ್. ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಸೆರಗು ಸಿಕ್ಕಿಸಿ ಚಾಪೆಯ ಮೇಲೆ ಕೂತು, ಮುಂದೆ ಏನು ಮಾಡಿಸಬೇಕೆಂದು ಹೇಳುವ ಟ್ಯಾಬನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಕ್ಕಳೊಡನೆ ಜಗಳವಾಡುತ್ತಲೇ ಪರೀಕ್ಷೆ ಮಾಡುತ್ತಿದ್ದರು. ಮಗು ಜಿಗಿದರೆ ಟ್ಯಾಬ್ ಇನ್ನೂ ಕಷ್ಟದ್ದನ್ನು ಕೇಳುತ್ತದೆ. ಆಗದಿದ್ದರೆ ಸುಲಭದ್ದಕ್ಕೆ ಇಳಿಯುತ್ತದೆ. "ಏನ್ಲೇ, ಬರೀ ಬಿಲ್ಡಪ್ಪೇ ಆಯ್ತು ನಿಂದು! ಒಂಟಿಕಾಲಲ್ಲಿ ನಿಲ್ಲು ನೋಡಣ" ಅಂದರೆ ಎಂಥ ಅಳುಬುರುಕ ಮಗುವೂ ನಿಲ್ಲುತ್ತಿತ್ತು.

ನನ್ನ ಮಗಳು ಅನು ದಿನ ತುಂಬುವ ಮೊದಲೇ ಹುಟ್ಟಿದವಳು; ಅದಕ್ಕೇ ಆಗಾಗ ಈ ಪರೀಕ್ಷೆ. ನಾಲ್ಕು ವರ್ಷದ ಅವಳು ಹಿಂದಿನ ಸಲ ಒಂಟಿಕಾಲಲ್ಲಿ ಕುಪ್ಪಳಿಸಿ ಚಾಪೆ ದಾಟಿದ್ದಳು. ಆಮೇಲೆ ಜ್ವರ ಬಂದು ಹೋಯಿತು. ಸುಧಾರಿಸಿಕೊಳ್ಳಲೆಂದು ಅಜ್ಜಿಯ ಊರು ಗುಬ್ಬಿಗೆ ಕಳಿಸಿದೆ. ನಮ್ಮತ್ತೆ, ಮಗು ಸೊರಗಿದೆ ಎಂದು ಸೊಂಟದಿಂದ ಇಳಿಸಲೇ ಇಲ್ಲ. ಕಾಲಿನ ಬಲ ಕುಂದುತ್ತಿದ್ದುದು ಯಾರಿಗೂ ಕಾಣಲಿಲ್ಲ. ಕ್ಲಿನಿಕ್ಕಿಗೂ ಎತ್ತಿಕೊಂಡೇ ಬಂದರು.

"ಅಜ್ಜೀ, ಕೆಳಗ್ ಬುಡಿ. ಟೆಸ್ಟು ನಿಮ್ ಸೊಂಟಕ್ಕಲ್ಲ!"

ಅನು ಜಿಗಿಯಲಿಲ್ಲ. ಟ್ಯಾಬ್ ಇಳಿಯಿತು. ಮಣೆ ಹತ್ತಲಿಲ್ಲ. ಇನ್ನೂ ಇಳಿಯಿತು. ಕೂತಲ್ಲಿಂದ ಏಳಲು ಹೋಗಿ ಕುಸಿದಳು. ಆಗಲೇ ಆ ನಗು ನಿಂತದ್ದು.

"ಹಟ ಮೇಡಂ. ಅಜ್ಜಿ ಮುದ್ದು ಜಾಸ್ತಿಯಾಗಿದೆ," ಎಂದೆ.

"ಹಟ ಮಾಡೋ ಮಗು ಬೀಳೋಕ್ ಮುಂಚೆ ನಮ್ ಮುಖ ನೋಡುತ್ತೆ ಕಣಮ್ಮ. ಇವಳು ನೆಲ ನೋಡಿದ್ಲು."

ಸಣ್ಣ ಸುತ್ತಿಗೆಯಿಂದ ಮಂಡಿಗೆ ತಟ್ಟಿದರು. ಕಾಲು ಮಿಡುಕಲಿಲ್ಲ. ಪರೀಕ್ಷೆ ಅರ್ಧಕ್ಕೇ ನಿಲ್ಲಿಸಿ, ದೊಡ್ಡಾಸ್ಪತ್ರೆಗೆ ಫೋನ್ ಮಾಡುತ್ತಲೇ ತಾವೇ ಮಗುವನ್ನೆತ್ತಿಕೊಂಡು ಆಟೋ ಹತ್ತಿದರು. "ಒಂದಿನಾನೂ ಕೆಳಗ್ ಬುಡ್ನಿಲ್ಲ ಕಣವ್ವ ನಾನು," ಎಂದು ಅತ್ತೆ ಅಳತೊಡಗಿದರೆ, "ಆಮೇಲ್ ಅಳೋರಂತೆ, ಈಗ ಒಸಿ ಜರುಗಿ ಅಜ್ಜಿ," ಎಂದು ಗದರಿದರು.

ಅದು ಜ್ವರದ ಬೆನ್ನಿಗೆ ಬರುವ ನರಗಳ ಕಾಯಿಲೆಯಂತೆ, ಪಾದದಿಂದ ಮೇಲಕ್ಕೇರುತ್ತದೆ. ಸಂಜೆಯ ಹೊತ್ತಿಗೆ ಅನುವಿನ ಉಸಿರನ್ನು ಮುಟ್ಟಿತ್ತು. ಆಗ ನಾವು ಐಸಿಯುನಲ್ಲಿದ್ದೆವು, ಗುಬ್ಬಿಯಲ್ಲಿ ಇರಲಿಲ್ಲ. ಇದನ್ನು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ.

ಅವಳಿಗೆ ಮತ್ತೆ ನಡೆಯಲು ಕಲಿಸಿದವರೂ ಮೇಡಮ್ಮೇ. ಅವಳು ನಡೆದಳು, ಓಡಿದಳು, ಶಾಲೆಗೂ ಸೇರಿದಳು. ನಾನು ಮಾತ್ರ ರಾತ್ರಿಯೆಲ್ಲ ಅವಳ ಎದೆಯ ಮೇಲೆ ಕೈಯಿಟ್ಟು ಉಸಿರು ಕಾಯುತ್ತಿದ್ದೆ; ಮೇಡಂಗೂ ಅದು ಗೊತ್ತಿತ್ತು.

ಮೇಡಂ ಕುಣಿಗಲ್ಲಿನಲ್ಲಿ ಸ್ವಂತ ಕ್ಲಿನಿಕ್ ತೆರೆಯಲು ಹೊರಟ ದಿನ ಕೊನೆಯ ಪರೀಕ್ಷೆ ಮಾಡಿದರು. ಟ್ಯಾಬ್ ಏರುತ್ತಲೇ ಹೋಯಿತು. ಕೊನೆಗೆ ಗೋಡೆಗೆ ಎಸೆದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಬೇಕಿತ್ತು. ಅನು ಬಿಟ್ಟಳು. ನಾನು ಕೂತಲ್ಲಿಂದ ಎದ್ದೇಬಿಟ್ಟೆ.

"ಯಾಕಮ್ಮ ಬೆಚ್ಚಿ ಬೀಳ್ತೀಯ? ಎಲ್ಲಾ ಮಕ್ಕಳೂ ಎಲ್ಲೋ ಒಂದ್ಕಡೆ ಬಿಡ್ಲೇಬೇಕು, ಆಗ್ಲೇ ಈ ಟೆಸ್ಟು ಮುಗಿಯೋದು. ಇವಳು ಬಿಟ್ಟಿರೋದು ದೊಡ್ಡ ಮಕ್ಕಳು ಹಿಡಿಯೋ ಚೆಂಡ. ಇವತ್ತು ರಾತ್ರಿ ಅವಳೆದೆ ಮೇಲಿಂದ ಕೈ ತೆಗ್ದು ಮಲಗು. ಮಗೀಗೆ ಸೆಕೆ."

ಮರುದಿನ ಕಣ್ಣು ಬಿಟ್ಟರೆ ಅನು ನನ್ನ ತೋಳು ಜಗ್ಗುತ್ತಿದ್ದಳು. ಕಿಟಕಿಯ ತುಂಬ ಬಿಸಿಲು.

"ಅಮ್ಮಾ, ಏಳೇ! ಸ್ಕೂಲ್ ವ್ಯಾನ್ ಹೋಗೇಬುಡ್ತು!"