ಫ್ಯಾಮಿಲಿ ರೂಮಿನಲ್ಲಿ ಬಡಿಸಿದ ಎಲೆ

ಸತ್ತವರು ಬಂದು ಉಣ್ಣುತ್ತಾರೆ ಎಂದು ಯಾರಾದರೂ ಹೇಳಿದರೆ ಆಗ ನಾನು ಅವರ ಮುಖದ ಮೇಲೆಯೇ ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗಾದರೆ ನಂಬುತ್ತೀಯಾ ಎಂದು ಮಾತ್ರ ಕೇಳಬೇಡಿ.

ಎಪ್ಪತ್ತೊಂದರ ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಮುಂಬಯಿಯ ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಅಡುಗೆಯ ಸಂಜೀವಣ್ಣನ ತಮ್ಮ ಜಯ ಮೊದಲು ಅಲ್ಲೇ ಸಪ್ಲೈಯರ್ ಆಗಿದ್ದವನು. ಒಂದೇ ಕೈಯಲ್ಲಿ ಆರು ಚಹಾ ಗ್ಲಾಸು ಹಿಡಿದು ತರುತ್ತಿದ್ದ, ಅಂಥ ಅಗಲದ ಅಂಗೈ. ಮಿಲಿಟರಿಗೆ ಸೇರಿದ, ಯುದ್ಧದಲ್ಲಿ ಸತ್ತ. ಹೆಣ ಬರಲಿಲ್ಲ, ಸತ್ತ ದಿನವೂ ಸರಿಯಾಗಿ ಗೊತ್ತಾಗಲಿಲ್ಲ. ಹಾಗಾಗಿ ಸಂಜೀವಣ್ಣ ಜನವರಿಯ ಸೇನಾ ದಿನವನ್ನೇ ತಮ್ಮನ ದಿನವೆಂದು ಇಟ್ಟುಕೊಂಡ.

ಅಂದು ಮಧ್ಯಾಹ್ನ ಅವನು ಫ್ಯಾಮಿಲಿ ರೂಮಿನಲ್ಲಿ ಜಯನಿಗೆ ಎಲೆ ಹಾಕಿ, ಬಡಿಸಿ, ಬಾಗಿಲು ಎಳೆದ. ನಮ್ಮ ಕಡೆಯ ಕ್ರಮವೇ ಹಾಗೆ. ಸತ್ತವರಿಗೆ ಬಡಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಒಳಗೆ ಹೋಗಬಾರದು. "ಅರ್ಧ ಗಂಟೆ ಯಾರನ್ನೂ ಬಿಡ್ಬೇಡ ಮಾರಾಯ," ಎಂದು ನನಗೆ ಹೇಳಿ ಅಡುಗೆಮನೆಗೆ ಹೋದ.

ಊಟದ ರಶ್ಶು. ಧಡೂತಿ ಗಿರಾಕಿಯೊಬ್ಬ ಕೂರಲು ಜಾಗವಿಲ್ಲವೆಂದು ಗಲ್ಲಾದ ಮುಂದೆ ಕೂಗಾಡತೊಡಗಿದ. ನನಗೆ ತಲೆ ಕೆಟ್ಟಿತು. ಫ್ಯಾಮಿಲಿ ರೂಮಿನತ್ತ ಕೈ ತೋರಿಸಿ, "ಉಧರ್ ಬೈಠೋ, ಕೋಯಿ ನಹೀಂ ಹೈ," ಅಲ್ಲಿ ಕೂರು, ಯಾರೂ ಇಲ್ಲ ಎಂದೆ. ಎಲೆ ಬಡಿಸಿಯೇ ಇತ್ತು. ಅವನು ಕೂತು ತಿನ್ನತೊಡಗಿದ.

ಎಲೆ ತೆಗೆಯಲು ಬಂದ ಸಂಜೀವಣ್ಣ ಅದನ್ನು ಕಂಡ. ಮೊದಲ ಏಟಿಗೇ ಗಿರಾಕಿಯ ಮೂಗು ಒಡೆಯಿತು. ಕೂದಲು ಹಿಡಿದು ಅವನ ಮುಖವನ್ನು ಕಲ್ಲಿನ ಮೇಜಿಗೆ ಎರಡು ಸಲ ಬಡಿದ. ಅನ್ನದ ಮೇಲೆ ಹಲ್ಲು ಬಿತ್ತು. ಬಿಡಿಸಲು ಓಡಿದ ನನ್ನ ಹಣೆಗೆ ನೀರಿನ ಜಗ್ಗು ಬೀಸಿದ. ನಾನು ಬಾಗಿಲ ಬಳಿ ಕುಸಿದು, ರಕ್ತ ಸುರಿಯುವ ಹಣೆಯನ್ನು ಎರಡೂ ಕೈಗಳಿಂದ ಒತ್ತಿ ಹಿಡಿದೆ. ಸಪ್ಲೈಯರ್‌ಗಳು ಹೆದರಿ, ಒಳಗಿನದು ಕಾಣದಷ್ಟು ದೂರ ನಿಂತರು. ಸಂಜೀವಣ್ಣ ಅಡುಗೆಮನೆಯಿಂದ ಕಾಯಿ ಒಡೆಯುವ ಕತ್ತಿ ತಂದು, ನೆಲದಲ್ಲಿ ಬಿದ್ದಿದ್ದವನ ಕುತ್ತಿಗೆಗೆ ಗುರಿಯಿಟ್ಟು ಎತ್ತಿದ. ಒಬ್ಬ ಇಲ್ಲೇ ಸಾಯುತ್ತಾನೆ, ಇನ್ನೊಬ್ಬ ನೇಣಿಗೆ ಹೋಗುತ್ತಾನೆ, ಎಲ್ಲ ನನ್ನಿಂದ ಎಂದುಕೊಂಡೆ.

ಕತ್ತಿ ಇಳಿಯಲಿಲ್ಲ. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಸಂಜೀವಣ್ಣ ಹಲ್ಲು ಕಚ್ಚಿ, ಮೈಯೆಲ್ಲ ಬಳಸಿ ಜಗ್ಗಿದ. "ಬಿಡಾ ಜಯಾ! ಬಿಡು!" ಎಂದು ಕಿರುಚಿದ. ಕತ್ತಿ ಕಳಚಿ ಬಿತ್ತು. ಅವನು ಅಲ್ಲೇ ಕೂತು ಗೊಳೋ ಎಂದು ಅತ್ತ.

ಗಿರಾಕಿ ಬದುಕಿದ. ನಾನೇ ಕೈ ಹಿಡಿದು ಕೊಲೆ ತಪ್ಪಿಸಿದೆ ಎಂದು ಹೋಟೆಲಿನವರೆಲ್ಲ ಬೆನ್ನು ತಟ್ಟಿದರು. ನಾನು ಅಲ್ಲವೆನ್ನಲಿಲ್ಲ, ಆ ನಾಚಿಕೆ ಈಗಲೂ ಇದೆ. ನಾಲ್ಕು ದಿನದ ಮೇಲೆ ಠಾಣೆಯಿಂದ ಬಂದ ಸಂಜೀವಣ್ಣ ನನ್ನೆದುರು ಮಣಿಕಟ್ಟು ಚಾಚಿದ. ಐದು ಬೆರಳಿನ ನೀಲಿ ಗುರುತು. "ನಿನ್ನ ಕೈ ಇಡು, ನೋಡುವ," ಎಂದ. ಇಟ್ಟೆ. ನನ್ನ ಬೆರಳುಗಳು ಆ ಗುರುತಿನ ತುದಿ ಮುಟ್ಟಲಿಲ್ಲ.

ಪೊಲೀಸರು ಹಿಡಿದದ್ದಿರಬಹುದು, ನರ ಉಳುಕಿದ್ದಿರಬಹುದು. ನನಗೆ ತಿಳಿಯದು. ಆಮೇಲೂ ಎಷ್ಟೋ ವರ್ಷ ಗಲ್ಲಾದಲ್ಲಿ ಕೂತೆ. ಖಾಲಿ ಕುರ್ಚಿ ತೋರಿಸಿ ಗಿರಾಕಿಗಳು, "ಉಧರ್ ಕೋಯಿ ಹೈ ಕ್ಯಾ?" ಎಂದು ಕೇಳಿದಾಗಲೆಲ್ಲ, ಯಾರೂ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.